ನವೆಂಬರ್ 1ಕ್ಕೆ ಹೊರಟ ಮೂವರು ಮಕ್ಕಳು, ಒಂದು ಹಂಡೆ ನೀರು

ಕೇಳಿ, ಟೀಚರ್ ಹೇಳ್ತಾರೆ: ಓದುಗರ ಪ್ರಶ್ನೆ, ನಿವೃತ್ತ ವಿಜ್ಞಾನ ಅಧ್ಯಾಪಿಕೆಯ ಉತ್ತರ

ಶಾಲಾ ವಾರ್ಷಿಕೋತ್ಸವಗಳ ಕಾಲ ಬಂತು. ಕಾಲಯಾನದ ಬಗ್ಗೆ ಕಳೆದ ತಿಂಗಳು ಇಲ್ಲಿ ನಾಲ್ಕು ಸಾಲು ಬರೆದಿದ್ದೆ. ಈ ತಿಂಗಳು ಕಾಸರಗೋಡಿನ ಮೂಲೆಮೂಲೆಯಿಂದ ಅದೇ ವಿಷಯದ ಪತ್ರಗಳು. ಎಲ್ಲರೂ ನಾಟಕ ಬರೆಯುತ್ತಿದ್ದಾರೆ. ನನಗೆ ಇದಕ್ಕಿಂತ ಖುಷಿಯ ಅಂಚೆ ಬೇರೆ ಇಲ್ಲ. ಕೆಲವನ್ನು ಆರಿಸಿದ್ದೇನೆ.

ಪ್ರಶ್ನೆ: ನಾವು ಮಂಜೇಶ್ವರ ಕಡೆಯ ಪ್ಲಸ್ ಟು ವಿದ್ಯಾರ್ಥಿಗಳು. 40 ನಿಮಿಷದ ಹಾಸ್ಯ ನಾಟಕ ಬರೆದಿದ್ದೇವೆ. ದೀಕ್ಷಾ, ನೌಫಲ್, ಅನುಪಮಾ ಎಂಬ ಮೂವರು ಒಂದು ಹಳೆ ಆಟೋರಿಕ್ಷಾದಲ್ಲಿ ಕೂತು 1956ರ ಅಕ್ಟೋಬರ್ 31ಕ್ಕೆ ಹೋಗುತ್ತಾರೆ. ಮರುದಿನ ಕಾಸರಗೋಡು ಕೇರಳಕ್ಕೆ ಸೇರುವುದನ್ನು ತಡೆಯಬೇಕು ಅಂತ ಅವರ ಪ್ಲಾನ್. ಮೂರನೇ ದೃಶ್ಯದಲ್ಲಿ ಅನುಪಮಾ ಮಾಯವಾಗುತ್ತಾಳೆ. ಯಾಕೆಂದರೆ ಅವಳ ಅಮ್ಮ ಪಯ್ಯನ್ನೂರಿನಿಂದ ಟೀಚರ್ ಕೆಲಸಕ್ಕೆ ಇಲ್ಲಿಗೆ ಬಂದವರು. ಗಡಿ ಬದಲಾದರೆ ಅವರು ಬರುವುದೇ ಇಲ್ಲ. ಐದನೇ ದೃಶ್ಯದಲ್ಲಿ ದೀಕ್ಷಾಳ ಅಜ್ಜಿ, ‘ಆ ಮೂರು ಮಕ್ಕಳು ನನಗೆ ನೆನಪಿದ್ದಾರೆ’ ಅನ್ನುತ್ತಾರೆ. ಓದಿದವರೆಲ್ಲ ತಲೆಬುಡ ಅರ್ಥ ಆಗಲಿಲ್ಲ ಅಂದರು. ನಗುವೂ ಬರಲಿಲ್ಲವಂತೆ. ಎಲ್ಲಿ ತಪ್ಪಿದ್ದೇವೆ ಟೀಚರ್?

ಉತ್ತರ: ಮಕ್ಕಳೇ, ನೀವು ಕಳಿಸಿದ ಪ್ರತಿಯನ್ನು ಎರಡು ಸಲ ಓದಿದೆ. ಕಥೆ ಚೆನ್ನಾಗಿದೆ. ಆದರೆ ಅದರಲ್ಲಿ ಎರಡು ನಾಟಕ ಇವೆ. ಒಂದರಲ್ಲಿ ಹಿಂದೆ ಹೋದವರು ಆದದ್ದನ್ನು ಬದಲಿಸಬಹುದು. ಹಾಗಾಗಿ ಅನುಪಮಾ ಮಾಯ. ಇನ್ನೊಂದರಲ್ಲಿ ಏನೂ ಬದಲಾಗುವುದಿಲ್ಲ. ಹಿಂದೆ ಹೋದವರು ಮಾಡಿದ್ದೆಲ್ಲ ಮೊದಲೇ ಆಗಿಹೋಗಿದೆ. ಹಾಗಾಗಿ ಅಜ್ಜಿಗೆ ನೆನಪು. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಮಾಯವಾದವಳನ್ನು ಅಜ್ಜಿ ನೆನಪಿಟ್ಟುಕೊಳ್ಳುವುದು ಹೇಗೆ? ಪ್ರೇಕ್ಷಕರ ತಲೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತಲೆ ಸಿಕ್ಕಿಕೊಂಡವರು ನಗುವುದಿಲ್ಲ.

ಭೌತವಿಜ್ಞಾನದಲ್ಲೂ ಇದೇ ಜಗಳ. ಮೊಮ್ಮಗ ಹಿಂದೆ ಹೋಗಿ ಅಜ್ಜನ ಮದುವೆ ತಪ್ಪಿಸಿದರೆ ಮೊಮ್ಮಗ ಹುಟ್ಟುವುದೇ ಇಲ್ಲ. ಹುಟ್ಟದವನು ಹೋಗಿ ಮದುವೆ ತಪ್ಪಿಸಿದ್ದು ಹೇಗೆ? ರಷ್ಯಾದ ವಿಜ್ಞಾನಿ ಇಗೋರ್ ನೋವಿಕೋವ್ ಇದಕ್ಕೆ ಒಂದು ದಾರಿ ಹೇಳಿದರು. ಹಿಂದೆ ಹೋಗಲು ಸಾಧ್ಯ ಅಂತಿದ್ದರೂ ಅಲ್ಲಿ ನೀವು ಮಾಡುವುದೆಲ್ಲ ಆಗಲೇ ಆಗಿಹೋದ ಚರಿತ್ರೆಯ ಭಾಗ. ಅದಕ್ಕೆ ವಿರುದ್ಧವಾದದ್ದು ನಡೆಯುವುದೇ ಇಲ್ಲ. ನಿಮ್ಮ ಅಜ್ಜಿ ನೋವಿಕೋವ್ ಪಕ್ಷ. ನಾನೂ ಅಜ್ಜಿಯ ಪಕ್ಷ. ನೀವೂ ಅದನ್ನೇ ಹಿಡಿಯಿರಿ.

ಹಾಗಾದರೆ ಅನುಪಮಾಳ ದೃಶ್ಯ ಬಿಟ್ಟುಬಿಡಬೇಕಾ? ಬೇಡ. ಅವಳು ಮಾಯವಾಗುವುದು ಬೇಡ, ಮಾಯವಾಗುತ್ತೇನೆ ಅಂತ ಹೆದರಲಿ. ನಾಳೆ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಟೀಚರ್ 16 ಆದ ಮೇಲೆ ಸೀದಾ 18ಕ್ಕೆ ಹೋಗುತ್ತಾರೆ, 17 ಅಂತ ಯಾರೂ ಕೇಳುವುದೇ ಇಲ್ಲ, ಪಕ್ಕದ ಬೆಂಚಿನವಳಿಗೂ ಗೊತ್ತಾಗುವುದಿಲ್ಲ. ಇದನ್ನು ಅವಳು ಒಬ್ಬಳೇ ನಿಂತು ಲೆಕ್ಕ ಹಾಕಲಿ. ಆಮೇಲೆ ಗೆಳೆಯರಿಗೆ ಹೇಳದೆ ಅವರ ಪ್ಲಾನ್ ಕೆಡಿಸಲು ಶುರುಮಾಡಲಿ. ನಿಮ್ಮ ನಾಟಕದ ನಗು ಇಲ್ಲಿ ಹುಟ್ಟುತ್ತದೆ. ಹೇಗೆ ಕೆಡಿಸುತ್ತಾಳೆ ಅಂತ ಹೇಳುತ್ತೇನೆ.

ನೀವು ಆರಿಸಿದ ದಿನ ಎಂಥಾದ್ದು ಅಂತ ನಿಮಗೇ ಗೊತ್ತಿಲ್ಲ ಅನಿಸುತ್ತದೆ. 1956ರ ನವೆಂಬರ್ 2 ಅಮಾವಾಸ್ಯೆ. ಅಂದರೆ ದೀಪಾವಳಿ! ಅದಕ್ಕೆ ಎರಡು ದಿನ ಹಿಂದೆ, ಅಕ್ಟೋಬರ್ 31ರ ಬುಧವಾರ ಸಂಜೆ, ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ನೀರು ತುಂಬುವುದು. ಬಚ್ಚಲು ತೊಳೆದು, ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಕುತ್ತಿಗೆಗೆ ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬುವುದು. ಬೆಳಗಿನ ಜಾವ ಎಲ್ಲರಿಗೂ ಎಣ್ಣೆ ಸ್ನಾನ. ನಿಮ್ಮ ಆಟೋ ಇಳಿದದ್ದು ಅಂಥಾ ಮನೆಯ ಅಂಗಳದಲ್ಲಿ. ಕರೆಂಟಿಲ್ಲ, ಬೆಳದಿಂಗಳಿಲ್ಲ. ನೌಫಲ್ ‘ಅಮ್ಮಾ, ನಾವು ಕಾಸರಗೋಡನ್ನು ಉಳಿಸಲು ಬಂದಿದ್ದೇವೆ’ ಅನ್ನುತ್ತಾನೆ. ಆ ತಾಯಿ, ‘ಒಳ್ಳೆಯದಾಯಿತು ಮಕ್ಕಳೇ, ಮೊದಲು ಎರಡು ಕೊಡಪಾನ ನೀರು ಸೇದಿ ಕೊಡಿ’ ಅನ್ನುತ್ತಾರೆ.

ಅಷ್ಟೇ. ಆಮೇಲೆ ಅವರಿಗೆ ಬಿಡುವಿಲ್ಲ. ಹಂಡೆ ತುಂಬುವುದೇ ಇಲ್ಲ. ನೌಫಲ್ ಕೈಗೆ ರಾಟೆಯ ಹಗ್ಗ ಹೊಸದು, ಅಂಗೈ ಕೆಂಪಾಗುತ್ತದೆ. ದೀಕ್ಷಾ ಗಂಟೆ ಎಷ್ಟಾಯಿತು ಅಂತ ಮೊಬೈಲು ನೋಡುತ್ತಾ ಇರುತ್ತಾಳೆ. ಅನುಪಮಾ ಮಾತ್ರ ಬಹಳ ಒಳ್ಳೆಯ ಹುಡುಗಿ. ‘ದೊಡ್ಡಮ್ಮಾ, ಕಡಾಯಿಗೂ ತುಂಬಿಸಲಾ? ದನಗಳಿಗೆ ನೀರು ಇಟ್ಟಾಯಿತಾ?’ ಅಂತ ಕೇಳುತ್ತಲೇ ಇರುತ್ತಾಳೆ. ಗೆಳೆಯರಿಗೆ ಸಿಟ್ಟು. ಪ್ರೇಕ್ಷಕರಿಗೆ ಮಾತ್ರ ಗೊತ್ತು, ಅವಳು ತನ್ನ 17ನೇ ನಂಬರನ್ನು ಕಾಪಾಡಿಕೊಳ್ಳುತ್ತಿದ್ದಾಳೆ ಅಂತ. ಊಟವಾಗುತ್ತದೆ, ಸೋತು ಮಲಗುತ್ತಾರೆ. ಎಬ್ಬಿಸಿದಾಗ ತಲೆಗೆ ಎಣ್ಣೆ ಬಿದ್ದಿರುತ್ತದೆ, ನವೆಂಬರ್ 1 ಆಗಿರುತ್ತದೆ.

ಇನ್ನು ಅಜ್ಜಿಯ ಮಾತನ್ನು ಐದನೇ ದೃಶ್ಯದಿಂದ ಕಿತ್ತು ಮೊದಲನೇ ದೃಶ್ಯಕ್ಕೆ ತನ್ನಿ. ಅಜ್ಜಿ ಅಡಿಕೆ ಸುಲಿಯುತ್ತಾ, ‘ಆ ವರ್ಷ ದೀಪಾವಳಿಗೆ ಯಾರೋ ಮೂರು ಮಕ್ಕಳು ಬಂದು ಹಂಡೆ ತುಂಬಿಸಿ ಕೊಟ್ಟರು. ಎಲ್ಲಿಯವರೋ ಏನೋ’ ಅನ್ನಲಿ. ಅವರು ಆಗ ಸಣ್ಣ ಹುಡುಗಿ, ಬಾವಿಕಟ್ಟೆಯಲ್ಲಿ ದೀಪ ಹಿಡಿದು ನಿಂತವರು. ದೀಕ್ಷಾ ಮೊಬೈಲು ನೋಡುತ್ತಾ ‘ಹೂಂ’ ಅನ್ನಲಿ. ಯಾರೂ ಆ ಮಾತಿಗೆ ಕಿವಿಗೊಡಬಾರದು. ಕೊನೆಯಲ್ಲಿ ಅದೇ ಮಾತು ಮತ್ತೆ ಬಂದಾಗ ದೀಕ್ಷಾ ತಲೆ ಎತ್ತುತ್ತಾಳೆ. ನನಗಂತೂ ಬರೆಯುವಾಗಲೇ ಮೈ ಜುಮ್ಮೆನ್ನುತ್ತಿದೆ.

ಯಂತ್ರದ ಬಗ್ಗೆ ನೀವು ಮೂರು ಪುಟ ಬರೆದಿದ್ದೀರಿ. ಅರ್ಧ ಪುಟ ಸಾಕು. ಬಣ್ಣಬಣ್ಣದ ಲೈಟು, ಹೊಗೆ ಬೇಡ. ಕಾಲಯಾನದ ಕಷ್ಟ ಇರುವುದು ಜೇಬಿನಲ್ಲಿ. ನಿಮ್ಮ ಮೂವರ ಜೇಬು ಹುಡುಕಿ ನೋಡಿ. ಹತ್ತು ರೂಪಾಯಿಯ ನಾಣ್ಯ ಇದೆ. 1956ರಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 4 ಕಾಸು, ಅಂದರೆ ರೂಪಾಯಿಗೆ 64. ನೂರು ಪೈಸೆಯ ಲೆಕ್ಕ ಬಂದದ್ದು 1957 ಏಪ್ರಿಲ್ 1ರಿಂದ. ಗೋಲಿಸೋಡಾ ಕುಡಿದು ಈ ನಾಣ್ಯ ಕೊಟ್ಟರೆ ಅಂಗಡಿಯವರು ಅದನ್ನು ತಿರುಗಿಸಿ ಇಸವಿ ನೋಡುತ್ತಾರೆ. ಆ ಇಸವಿ ಓದಿದ ಮೇಲೆ ಅವರ ಮುಖ ಹೇಗಾಗಬೇಕು ಅಂತ ನಟ ಒಂದು ವಾರ ಕನ್ನಡಿ ಮುಂದೆ ಅಭ್ಯಾಸ ಮಾಡಲಿ. ನಮ್ಮ ಅಮ್ಮನ ಡಬ್ಬಿಯಲ್ಲಿ ಇನ್ನೂ ಎರಡು ಒಟ್ಟೆ ಮುಕ್ಕಾಲು ಇವೆ, ನಡುವೆ ತೂತಿರುವ ತಾಮ್ರದ ಕಾಸು. ಒಂದರಲ್ಲಿ 1944 ಅಂತ ಇದೆ. ಮಕ್ಕಳಾಗಿದ್ದಾಗ ಅದನ್ನು ನೂಲಿಗೆ ಪೋಣಿಸಿ ಆಡುತ್ತಿದ್ದೆವು. ನಿಮ್ಮ ಮನೆಯಲ್ಲೂ ಇದ್ದೀತು, ಹುಡುಕಿ. ವೇದಿಕೆಗೆ ನಿಜವಾದದ್ದನ್ನೇ ತನ್ನಿ.

ಆಟೋದ ನಂಬರ್ ಪ್ಲೇಟು ಇನ್ನೊಂದು ನಿಧಿ. ಕೆಎಲ್ 14. ಅಕ್ಟೋಬರ್ 31ರ ರಾತ್ರಿ ಕೇರಳ ಎಂಬ ರಾಜ್ಯವೇ ಹುಟ್ಟಿಲ್ಲ! ಪೊಲೀಸು ಇದೇನು ಅಂತ ಕೇಳಿದರೆ ಏನು ಹೇಳುತ್ತೀರಿ? ‘ನಿಮ್ಮ ಜಿಲ್ಲೆ ಯಾವುದು?’ ಅಂದರೆ ದೀಕ್ಷಾ ‘ಕಾಸರಗೋಡು’ ಅನ್ನುತ್ತಾಳೆ. ‘ಅದು ತಾಲೂಕು ಮಗಾ. ಜಿಲ್ಲೆ ದಕ್ಷಿಣ ಕನ್ನಡ, ರಾಜ್ಯ ಮದ್ರಾಸು.’ ನಮ್ಮ ಜಿಲ್ಲೆ ಆದದ್ದು 1984 ಮೇ 24ಕ್ಕೆ. ನೌಫಲ್ ‘ಕರ್ನಾಟಕಕ್ಕೆ ಸೇರಿಸುತ್ತೇವೆ’ ಅಂದರೂ ಎಡವಟ್ಟು. ಮರುದಿನ ಹುಟ್ಟುವ ರಾಜ್ಯದ ಹೆಸರು ಮೈಸೂರು. ಅದಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973 ನವೆಂಬರ್ 1ರಂದು. ಪಾಪ, ಮಕ್ಕಳು ಬಾಯಿ ತೆರೆದರೆ ತಪ್ಪು. ಕಾಲಯಾನದ ಹಾಸ್ಯಕ್ಕೆ ಗಡಿನಾಡಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಬೇರೆ ಊರಿನವರು ಮನೆ ಬದಲಿಸಿದರೆ ವಿಳಾಸ ಬದಲಾಗುತ್ತದೆ. ನಮ್ಮವರು ಕೂತ ಜಗಲಿಯಿಂದ ಏಳದೆಯೇ ರಾಜ್ಯ ಬದಲಿಸಿದವರು.

ಗೋವಿಂದ ಪೈಗಳನ್ನು ಪಾತ್ರ ಮಾಡಿ ಅವರಿಂದ ಪರೀಕ್ಷೆಯ ಉತ್ತರ ಬರೆಸಿಕೊಳ್ಳುವ ದೃಶ್ಯ ದಯವಿಟ್ಟು ತೆಗೆಯಿರಿ. 1956ರಲ್ಲಿ ಅವರು ಮಂಜೇಶ್ವರದಲ್ಲೇ ಇದ್ದರು, 73 ವರ್ಷ, ಸರಿ. ಆದರೆ ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕುವುದು ನನಗೆ ಸರಿ ಕಾಣುವುದಿಲ್ಲ. ದೂರದಲ್ಲಿ ಒಂದು ಕಿಟಕಿ, ಒಳಗೆ ದೀಪ, ಪುಸ್ತಕಗಳ ಸಾಲು. ಮಕ್ಕಳು ದನಿ ತಗ್ಗಿಸಿ ಹಾದುಹೋಗಲಿ. ಅಷ್ಟು ಸಾಕು.

ಪ್ರಶ್ನೆ: ನಾನು ಪೆರ್ಲದ ಹತ್ತನೇ ತರಗತಿ ಹುಡುಗ. ನಿಜವಾಗಿ ಕಾಲದಲ್ಲಿ ಹಿಂದೆ ಮುಂದೆ ಹೋಗಲು ಆಗುತ್ತದಾ? ನಾಟಕದಲ್ಲಿ ಪ್ರೊಫೆಸರ್ ಪಾತ್ರ ನನ್ನದು. ಸುಳ್ಳು ಹೇಳಲು ಇಷ್ಟವಿಲ್ಲ.

ಉತ್ತರ: ನಿನ್ನ ಕೊನೆಯ ವಾಕ್ಯ ನನಗೆ ತುಂಬಾ ಹಿಡಿಸಿತು. ಮುಂದೆ ಹೋಗಲು ಆಗುತ್ತದೆ. ವೇಗವಾಗಿ ಹೋಗುವವರ ಗಡಿಯಾರ ನಿಧಾನವಾಗುತ್ತದೆ ಅಂತ ಐನ್‌ಸ್ಟೈನ್ 1905ರಲ್ಲೇ ತೋರಿಸಿದರು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬಿಬ್ಬರು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿಯ ಸುತ್ತ ಹಾರಿಸಿ ನೋಡಿದರು. ಲೆಕ್ಕ ಹೇಳಿದಂತೆಯೇ ವ್ಯತ್ಯಾಸ ಸಿಕ್ಕಿತು. ಎತ್ತರಕ್ಕೆ ಹೋದರೆ ಭೂಮಿಯ ಸೆಳೆತ ಕಡಿಮೆಯಾಗಿ ಗಡಿಯಾರ ಬೇಗ ಓಡುವುದೂ ಉಂಟು. ನಿಮ್ಮ ಮೊಬೈಲಿನ ಮ್ಯಾಪಿಗೆ ದಾರಿ ಹೇಳುವ ಜಿಪಿಎಸ್ ಉಪಗ್ರಹಗಳಲ್ಲಿ ಇದರದ್ದೇ ಮೇಲುಗೈ, ಹಾಗಾಗಿ ಎರಡೂ ಸೇರಿ ಅವುಗಳ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರ್ ತಪ್ಪು. ಪೆರ್ಲದಲ್ಲಿ ಕೂತ ನಿನ್ನನ್ನು ಮ್ಯಾಪು ಗಡಿ ದಾಟಿಸಿ ಕರ್ನಾಟಕದಲ್ಲಿ ತೋರಿಸೀತು.

ಹಿಂದೆ ಹೋದವರು ಯಾರೂ ಇಲ್ಲ. ಗಣಿತದಲ್ಲಿ ಅಂಥಾ ಜಗತ್ತು ಸಾಧ್ಯ ಅಂತ ಗೋಡೆಲ್ 1949ರಲ್ಲಿ ತೋರಿಸಿದರು, ಆದರೆ ಅದು ನಮ್ಮ ಜಗತ್ತಲ್ಲ. ಸ್ಟೀಫನ್ ಹಾಕಿಂಗ್ 2009 ಜೂನ್ 28ರಂದು ಕಾಲಯಾನಿಗಳಿಗೆ ಅಂತಲೇ ಪಾರ್ಟಿ ಇಟ್ಟರು. ಆಮಂತ್ರಣ ಹೊರಡಿಸಿದ್ದು ಪಾರ್ಟಿ ಮುಗಿದ ಮೇಲೆ. ಹಿಂದೆ ಬರಬಲ್ಲವರು ಮಾತ್ರ ಬರಬೇಕಲ್ವಾ? ಯಾರೂ ಬರಲಿಲ್ಲ. ಇದನ್ನು ನಿನ್ನ ಪ್ರೊಫೆಸರ್ ವೇದಿಕೆಯ ಮೇಲೆ ಹೇಳಲಿ, ಜನ ನಗುತ್ತಾರೆ. ಒಂದೂ ಸುಳ್ಳಿಲ್ಲ.

ಇನ್ನೂ ಒಂದು ಕಥೆ ಬೇಕಿದ್ದರೆ ನಮ್ಮ ಪುರಾಣದಲ್ಲೇ ಇದೆ. ಕಕುದ್ಮಿ ಎಂಬ ರಾಜ ಮಗಳು ರೇವತಿಗೆ ಗಂಡು ಯಾರು ಅಂತ ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಹಾಡು ನಡೆಯುತ್ತಿತ್ತು. ಮುಗಿಯಲಿ ಅಂತ ಕಾದ. ಆಮೇಲೆ ಗಂಡುಗಳ ಪಟ್ಟಿ ಹೇಳಿದ. ಬ್ರಹ್ಮ ನಕ್ಕುಬಿಟ್ಟ. ನೀನು ಹೇಳಿದವರು, ಅವರ ಮಕ್ಕಳು ಮೊಮ್ಮಕ್ಕಳು ಯಾರೂ ಈಗಿಲ್ಲ, ಭೂಮಿಯಲ್ಲಿ 27 ಚತುರ್ಯುಗ ಕಳೆಯಿತು ಅಂದ. ಒಂದು ಚತುರ್ಯುಗಕ್ಕೆ 43,20,000 ವರ್ಷ. ಗುಣಿಸಿ ನೋಡು, 11,66,40,000 ವರ್ಷ! ರೇವತಿ ಹಳೇ ಯುಗದವಳು, ಬಹಳ ಎತ್ತರ. ಬಲರಾಮ ನೇಗಿಲ ತುದಿಯಿಂದ ಎಳೆದು ಅವಳನ್ನು ತನ್ನ ಕಾಲದವರಷ್ಟು ಮಾಡಿ ಮದುವೆಯಾದ ಅಂತ ವಿಷ್ಣುಪುರಾಣ ಹೇಳುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನ ಮಕ್ಕಳು ನೀವು. ಒಂದು ಚೆಂಡೆ, ಒಂದು ಭಾಗವತಿಕೆ ಇದ್ದರೆ ಇದನ್ನು ಹತ್ತು ನಿಮಿಷದಲ್ಲಿ ಆಡಿ ತೋರಿಸಬಹುದು.

ಪ್ರಶ್ನೆ: ನಮ್ಮ ನಾಟಕದಲ್ಲಿ 1956ರ ಅಜ್ಜ ನೆರಳು ನೋಡಿ ಮಧ್ಯಾಹ್ನ ಅನ್ನುತ್ತಾರೆ. ಹುಡುಗನ ವಾಚು ಬೇರೆ ಹೇಳುತ್ತದೆ. ಯಾರು ಸರಿ? (ಅಧ್ಯಾಪಕರು, ಮುಳ್ಳೇರಿಯ)

ಉತ್ತರ: ಇಬ್ಬರೂ ಸರಿ ಸಾರ್. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕಾಸರಗೋಡು ಇರುವುದು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಅರ್ಧ ಗಂಟೆ ತಡ. ಅದು ಸರಾಸರಿ ಲೆಕ್ಕ. ನವೆಂಬರ್ ಮೊದಲ ವಾರದಲ್ಲಿ ಸೂರ್ಯ 16 ನಿಮಿಷ ಮುಂದಿರುವುದರಿಂದ ನೆರಳು ಅತಿ ಗಿಡ್ಡವಾಗುವುದು ಸುಮಾರು 12 ಗಂಟೆ 14 ನಿಮಿಷಕ್ಕೆ. ಅಜ್ಜ ಅಂಗಳದಲ್ಲಿ ಕೋಲು ನೆಟ್ಟು ಅದನ್ನು ತೋರಿಸಲಿ. ವಿಜ್ಞಾನದ ಪಾಠವೂ ಆಯಿತು.

ಒಂದು ಎಚ್ಚರಿಕೆ. ಒಮ್ಮೆ ನಾವು 1942ರ ಕಥೆ ಆಡಿಸುತ್ತಿದ್ದೆವು. ಸತ್ತು ಮಲಗಿದ ಹುಡುಗನ ಕೈಯಲ್ಲಿದ್ದ ಡಿಜಿಟಲ್ ವಾಚು ಸರಿಯಾಗಿ ಎಂಟು ಗಂಟೆಗೆ ‘ಬೀಪ್’ ಅಂದಿತು. ಅಳುತ್ತಿದ್ದ ತಾಯಿ ಪಾತ್ರದ ಹುಡುಗಿ ತಟ್ಟನೆ ಅವನ ಕೈಯನ್ನು ಸೆರಗಿನಲ್ಲಿ ಮುಚ್ಚಿ ಅಳುವುದನ್ನು ಮುಂದುವರಿಸಿದಳು. ಅವಳ ಆ ಚುರುಕುತನ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ಪರದೆ ಏಳುವ ಮೊದಲು ಎಲ್ಲರ ಕೈ, ಜೇಬು ಪರೀಕ್ಷಿಸಿ.

ಪ್ರಶ್ನೆ: 1956ರ ಪಾತ್ರಗಳು ಪುಸ್ತಕದ ಕನ್ನಡ ಮಾತಾಡಬೇಕಾ? (ಕಾಲೇಜು ವಿದ್ಯಾರ್ಥಿನಿ, ಬದಿಯಡ್ಕ)

ಉತ್ತರ: ಖಂಡಿತಾ ಬೇಡ. ಆಗಲೂ ಮನೆಯೊಳಗೆ ತುಳು, ಹವ್ಯಕ, ಕೊಂಕಣಿ, ಮಲಯಾಳ, ಮರಾಠಿ, ಬ್ಯಾರಿ ಎಲ್ಲ ಇತ್ತು. ಅಜ್ಜಂದಿರು ಅಂಗಡಿಯಲ್ಲಿ ಒಂದು ಮಾತಾಡಿ, ಮನೆಗೆ ಬಂದು ಇನ್ನೊಂದು ಮಾತಾಡಿದವರು. ಈಗಿನ ಮಾತುಗಳನ್ನು ಮಾತ್ರ ಅವರ ಬಾಯಿಂದ ತೆಗೆಯಿರಿ. ನಿಮ್ಮ ಅಜ್ಜಿಯ ಹತ್ತಿರ ಹೋಗಿ ‘ಟೆನ್ಷನ್ ಆಗುತ್ತಿದೆ’ ಅನ್ನುವುದಕ್ಕೆ ಮೊದಲು ಏನು ಹೇಳುತ್ತಿದ್ದಿರಿ ಅಂತ ಕೇಳಿ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ.

ಪ್ರಶ್ನೆ: ಮಗನಿಗೆ ನಾಟಕದ ಹುಚ್ಚು. ಮಾರ್ಚ್‌ನಲ್ಲಿ ಪರೀಕ್ಷೆ. ಬಿಡಿಸಲಾ? (ತಾಯಿ, ಕುಂಬಳೆ)

ಉತ್ತರ: ಬಿಡಿಸಬೇಡಿ ಅಕ್ಕಾ. ಸಂಜೆ ಒಂದೂವರೆ ಗಂಟೆ ಅಭ್ಯಾಸ, ಆಮೇಲೆ ಓದು ಅಂತ ಅವನ ಹತ್ತಿರವೇ ಮಾತು ತೆಗೆದುಕೊಳ್ಳಿ. ಕಷ್ಟದ ಪಾಠವನ್ನು ಸಂಭಾಷಣೆ ಮಾಡಿ ಬಾಯಿಪಾಠ ಮಾಡಿದ ಮಕ್ಕಳನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನಮ್ಮ ಅಜ್ಜ 1956ರ ವಿಷಯ ಎತ್ತಿದರೆ ಈಗಲೂ ಮಾತು ನಿಲ್ಲಿಸುತ್ತಾರೆ. ಅದರ ಮೇಲೆ ಹಾಸ್ಯ ನಾಟಕ ಮಾಡುವುದು ತಪ್ಪಲ್ವಾ? (ವಿದ್ಯಾರ್ಥಿ, ಕಾಸರಗೋಡು)

ಉತ್ತರ: ಇದನ್ನು ಕೇಳಿದ್ದಕ್ಕೆ ನಿನಗೆ ಥ್ಯಾಂಕ್ಸ್. ಮೊದಲ ಪತ್ರದ ಮಕ್ಕಳೂ ಇದನ್ನು ಓದಲಿ.

ನಿನ್ನ ಅಜ್ಜನ ಮೌನ ಸುಮ್ನೆ ಬಂದದ್ದಲ್ಲ. ಊರು ಊರೇ ಚಳವಳಿ ಮಾಡಿತ್ತು. ಕಯ್ಯಾರ ಕಿಞ್ಞಣ್ಣ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’ ಎಂಬ ಕೂಗು ಇಲ್ಲಿಯ ಮನೆಮನೆಗೂ ಗೊತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ವರದಿಯಾಗಿಯೇ ಉಳಿಯಿತು. ಅದಕ್ಕಾಗಿ ಕಾದವರ ನೋವನ್ನು ನಗೆಯಾಡಬಾರದು. ಅನುಪಮಾಳ ಅಮ್ಮನಂತೆ ಆಮೇಲೆ ಬಂದು ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರನ್ನೂ ನಗೆಯಾಡಬಾರದು. ನಗು ಬರಬೇಕಾದದ್ದು ಆ ಮೂವರು ಮಕ್ಕಳ ಅವಸರದ ಮೇಲೆ, ರಾಟೆಯ ಹಗ್ಗದ ಮೇಲೆ, ಹತ್ತು ರೂಪಾಯಿಯ ನಾಣ್ಯದ ಮೇಲೆ. ಅಲ್ಲಿ ಎಷ್ಟು ಬೇಕಾದರೂ ನಗಿಸಿ.

ನಮ್ಮ ಅಮ್ಮನಿಗೆ ಈಗ 79. ಆಗ ನಾಲ್ಕನೇ ಕ್ಲಾಸು. ಸ್ಲೇಟಿನಲ್ಲಿ ದಿನಾ ವಿಳಾಸ ಬರೆಯುವ ಪಾಠ ಇತ್ತಂತೆ. ಹೆಸರು, ಮನೆ, ಗ್ರಾಮ, ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸು ರಾಜ್ಯ. ದೀಪಾವಳಿ ರಜೆ ಮುಗಿಸಿ ಹೋದಾಗ ಮೇಷ್ಟ್ರು ಕೊನೆಯ ಎರಡು ಸಾಲು ಒರೆಸಿ ಅಂದರು. ಮಕ್ಕಳು ಒರೆಸಿದರು. ಅಲ್ಲಿ ಏನು ಬರೆಯಬೇಕು ಅಂತ ಅವತ್ತು ಅವರು ಹೇಳಲಿಲ್ಲ. ಕಪ್ಪು ಹಲಗೆಯ ಕಡೆ ತಿರುಗಿ ಸುಮ್ಮನೆ ನಿಂತರಂತೆ. ಅಮ್ಮ ಕೈಯಲ್ಲಿ ಕಡ್ಡಿ ಹಿಡಿದು ಕಾಯುತ್ತಾ ಕೂತರು. ಒದ್ದೆ ಬಟ್ಟೆಯಲ್ಲಿ ಒರೆಸಿದ ಜಾಗ ಮಾತ್ರ ಬೇಗ ಒಣಗಿ ಬೆಳ್ಳಗಾಯಿತು ಅಂತ ಈಗಲೂ ಹೇಳುತ್ತಾರೆ.

ಮಂಜೇಶ್ವರದ ಮಕ್ಕಳೇ, ನಿಮ್ಮ ನಾಟಕಕ್ಕೆ ಇದು ಉಪಯೋಗವಾದರೆ ತೆಗೆದುಕೊಳ್ಳಿ. ಅಮ್ಮನ ಒಪ್ಪಿಗೆ ಕೇಳಿದ್ದೇನೆ. ಮೂವರೂ ಊರಿಗೆ ಮರಳುವ ಮೊದಲು ಆ ಶಾಲೆಯ ಕಿಟಕಿಯಿಂದ ಒಮ್ಮೆ ಇಣುಕಲಿ. ಮಾತು ಬೇಡ, ಹಾಡು ಬೇಡ. ನೌಫಲ್ ಜೇಬಿನಿಂದ ಕಡ್ಡಿ ತುಂಡು ತೆಗೆಯುತ್ತಾನೆ, ಏನು ಬರೆಯುವುದು ಅಂತ ಗೊತ್ತಾಗದೆ ಮತ್ತೆ ಒಳಗಿಡುತ್ತಾನೆ. ಆಮೇಲೆ ಆಟೋ ಸ್ಟಾರ್ಟ್ ಆಗದೆ ಮೂವರೂ ತಳ್ಳುವ ದೃಶ್ಯ ನೀವು ಬರೆದದ್ದು ಬಹಳ ಚೆನ್ನಾಗಿದೆ, ಅದನ್ನು ಹಾಗೆಯೇ ಇಡಿ.

ನಾಟಕ ಯಾವ ದಿನ ಅಂತ ತಿಳಿಸಿ. ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಅವರಿಗೆ ಕಿವಿ ಸ್ವಲ್ಪ ಮಂದ. ಎದುರಿನ ಸಾಲಿನಲ್ಲಿ ಬೆನ್ನು ಒರಗಿಸುವ ಒಂದು ಕುರ್ಚಿ ಇಟ್ಟಿರಿ.